ಮಗ್ಗ ಶುರುವಾಗುವ ಮುನ್ನ ಕೇಳಬೇಕಾದ ಸದ್ದು

ಬೆಳಗಿನ ಐದು ಗಂಟೆ. ದೊಡ್ಡಬಳ್ಳಾಪುರದ ಈ ಬೀದಿಯಲ್ಲಿ ಇನ್ನೂ ಒಂದು ಮಗ್ಗವೂ ಶುರುವಾಗಿಲ್ಲ. ನಾಗಲಕ್ಷ್ಮಮ್ಮ ನಡುಮನೆಯ ಮಣೆಯ ಮೇಲೆ ಕೂತು ಗಂಡನ ಕೈಗಡಿಯಾರವನ್ನು ಎಡಗಿವಿಗೆ ಹಿಡಿಯುತ್ತಾರೆ, ತಲೆಯಾಡಿಸುತ್ತಾರೆ. ಆಮೇಲೆ ಬಲಗಿವಿಗೆ. ಅಲ್ಲಿ ಗಡಿಯಾರ ಹೆಚ್ಚು ಹೊತ್ತು ನಿಲ್ಲುತ್ತದೆ. ಒತ್ತಿ ಹಿಡಿಯುತ್ತಾರೆ, ತುಸು ದೂರ ಮಾಡುತ್ತಾರೆ, ಮತ್ತೆ ಒತ್ತುತ್ತಾರೆ. ಇವರ ಬಗ್ಗೆ ಬರೆಯಲೆಂದು ಬಂದ ನಾನು ನೋಡುತ್ತಿರುವುದು ಗೊತ್ತಾದ ಕೂಡಲೇ ಅದನ್ನು ಗೋಡೆಯ ಮೊಳೆಗೆ ನೇತುಹಾಕಿ, “ಟೈಮ್ ನೋಡ್ದೆ” ಎನ್ನುತ್ತಾರೆ. ಟೈಮ್ ನೋಡಲು ಯಾರೂ ಗಡಿಯಾರವನ್ನು ಕಿವಿಗೆ ಇಡುವುದಿಲ್ಲ.

ನಲವತ್ತೇಳು ವರ್ಷದ ನಾಗಲಕ್ಷ್ಮಮ್ಮನ ಕೆಲಸ ವಿಚಿತ್ರದ್ದು. ಮನೆಯಲ್ಲಿ ಹಾಡು ಕೇಳುವವರ ಸ್ಪೀಕರಿಗೆ ಎಂಥ ಆಂಪ್ಲಿಫೈಯರ್ ಹೊಂದುತ್ತದೆ ಎಂದು ಹೇಳುವುದು. ಹೊಂದುವಂಥದು ಅಂಗಡಿಯಲ್ಲಿ ಸಿಗದಿದ್ದರೆ ಗಂಡನೊಂದಿಗೆ ಕೂತು ಕಟ್ಟಿಕೊಡುವುದು. ಮನೆಯ ಮುಂದೆ ಬೋರ್ಡಿಲ್ಲ. ಆದರೂ ದೇವನಹಳ್ಳಿಯಿಂದ, ನೆಲಮಂಗಲದಿಂದ, ಅಷ್ಟು ದೂರದ ಅನುಗೊಂಡನಹಳ್ಳಿಯಿಂದಲೂ ಜನ ಗೋಣಿಚೀಲ ಸುತ್ತಿದ ಸ್ಪೀಕರ್ ಬಾಕ್ಸುಗಳನ್ನು ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಬರುತ್ತಾರೆ. ದಿನಕ್ಕೆ ಎರಡು ಜೋಡಿಗಿಂತ ಹೆಚ್ಚು ನೋಡಲು ಆಗುವುದಿಲ್ಲ, ಯಾಕೆಂದರೆ ಈ ಮನೆಗೆ ಸಿಗುವ ನಿಶ್ಶಬ್ದ ಒಂದೇ ಗಂಟೆಯದು. ಆರಕ್ಕೆ ಗೋಡೆಯಾಚೆ ಎಂಟು ವಿದ್ಯುತ್ ಮಗ್ಗ ಒಟ್ಟಿಗೆ ಶುರುವಾಗುತ್ತವೆ. ಆಮೇಲೆ ಇಲ್ಲಿ ಎಲ್ಲರ ಮಾತೂ ಕೈಸನ್ನೆ.

ಬಾಕ್ಸು ಬಂದಾಗ ಅವರು ಮೊದಲು ಬಾಕ್ಸನ್ನು ನೋಡುವುದಿಲ್ಲ. ತಂದವರನ್ನು ಕೂರಿಸಿ, ಮಗ್ಗದ ಕೆಲಸವಾ, ಎಷ್ಟು ವರ್ಷವಾಯಿತು, ಹಾಡು ಕೇಳುವುದು ಕೆಲಸ ಮುಗಿಸಿ ಬಂದ ಕೂಡಲೇನಾ ಎಂದು ವಿಚಾರಿಸುತ್ತಾರೆ. ಹನ್ನೆರಡು ಗಂಟೆ ಮಗ್ಗದ ಪಕ್ಕ ನಿಂತು ಬಂದವರ ಕಿವಿ ಮಂಕಾಗಿರುತ್ತದೆ. ಅವರು ಮನೆಗೆ ಬಂದವರೇ ವಾಲ್ಯೂಮ್ ಗುಂಡಿಯನ್ನು ಕೊನೆಯವರೆಗೂ ತಿರುಗಿಸುತ್ತಾರೆ. ಸದ್ದು ಒಡೆಯುತ್ತದೆ. ಒಡೆದದ್ದು ಅವರಿಗೆ ಕೇಳುವುದಿಲ್ಲ.

“ದೊಡ್ಡ ಆಂಪ್ಲಿಫೈಯರ್ ಹಾಕಿದ್ರೆ ಸ್ಪೀಕರ್ ಸುಟ್ಟೋಗುತ್ತೆ ಅಂತ ಜನಕ್ಕೆ ಭಯ. ಅದಕ್ಕೇ ಸಣ್ಣದು ತರ್ತಾರೆ. ಸುಡೋದು ಸಣ್ಣದೇ ಜಾಸ್ತಿ ಕಣಮ್ಮ. ಕೈಲಾಗದೋನು ಕಿರುಚಿದ್ರೆ ಗಂಟಲು ಒಡೆಯಲ್ವಾ? ಆ ಒಡಕೆಲ್ಲ ಹೋಗಿ ಬಾಕ್ಸಿನೊಳಗಿನ ಟ್ವೀಟರ್ ಮೇಲೆ ಬೀಳುತ್ತೆ. ಅದರ ತಂತಿ ಕೂದಲಿನಷ್ಟು ಸಣ್ಣ.”

ಟ್ವೀಟರ್ ಎಂದರೆ ತೆಳ್ಳಗಿನ, ಎತ್ತರದ ದನಿಗಳನ್ನು ನುಡಿಸುವ ಪುಟ್ಟ ಸ್ಪೀಕರ್. ಹಾಗೆ ಸುಟ್ಟ ಟ್ವೀಟರುಗಳನ್ನು ನಾಗಲಕ್ಷ್ಮಮ್ಮ ಒಂದು ಬಿಸ್ಕತ್ ಡಬ್ಬಿಯಲ್ಲಿ ಕೂಡಿಟ್ಟಿದ್ದಾರೆ. ನಾನು ಎಣಿಸಿದೆ, ಅರವತ್ತಮೂರು. ಎಲ್ಲವೂ ನೇಕಾರರ ಮನೆಯವೇ. ಅದಕ್ಕೇ ನಲವತ್ತು ವಾಟಿನ ಬಾಕ್ಸಿಗೆ, ತಂದವರು ನಿವೃತ್ತ ಮೇಷ್ಟರಾದರೆ, ನಲವತ್ತರದೇ ಸಾಕು ಎನ್ನುವ ಇವರು ನೇಕಾರರಿಗೆ ಎಪ್ಪತ್ತರದು ಹೇಳುತ್ತಾರೆ. ಗುಂಡಿ ಅರ್ಧಕ್ಕೆ ಬರುವಷ್ಟರಲ್ಲೇ ಅವರ ಕಿವಿ ತುಂಬಿರಬೇಕು, ಸದ್ದು ಒಡೆದಿರಬಾರದು.

ಇವರು ಹುಟ್ಟಿದ್ದು ಶಿವಗಂಗೆಯ ಬೆಟ್ಟದ ಬುಡದ ಹಳ್ಳಿಯಲ್ಲಿ. ತವರಿನದು ಕೈಮಗ್ಗ, ಪಕ್ಕದಲ್ಲಿ ಕೂಸು ಮಲಗುವಷ್ಟು ಮೆತ್ತನೆಯ ಸದ್ದು. ಹತ್ತೊಂಬತ್ತಕ್ಕೆ ಮದುವೆಯಾಗಿ ಈ ಊರಿಗೆ ಬಂದ ಮೊದಲ ವಾರ ನಿದ್ದೆಯೇ ಬರಲಿಲ್ಲವಂತೆ. ಗಂಡ ಕೋದಂಡರಾಮಯ್ಯನವರು ಹದಿನಾರು ವರ್ಷ ವಿದ್ಯುತ್ ಮಗ್ಗ ನಡೆಸಿ, ಎದೆನೋವು ಬಂದು ಬಿಟ್ಟು, ರೇಡಿಯೊ ರಿಪೇರಿ ಕಲಿತವರು. ಬೆಸುಗೆ ಚೆನ್ನಾಗಿ ಹಾಕುತ್ತಿದ್ದರು. ಆದರೆ ರಿಪೇರಿಯಾದ ರೇಡಿಯೊ ಗೊರಗುಟ್ಟುತ್ತಿರುವುದು ಅವರಿಗೆ ಕೇಳುತ್ತಿರಲಿಲ್ಲ. ಗಿರಾಕಿಗಳು ವಾಪಸ್ ತರತೊಡಗಿದಾಗ ಅಡುಗೆಮನೆಯಿಂದ ಹೆಂಡತಿ ಬಂದು ಪಕ್ಕ ಕೂತರು. ಅಂದಿನಿಂದ ಕೇಳುವುದು ಇವರು, ಕಟ್ಟುವುದು ಅವರು. ಈಗ ಅವರಿಗೆ ಎರಡೂ ಕಿವಿ ಪೂರ್ತಿ ಹೋಗಿದೆ. ಮೂಲೆಯಲ್ಲಿ ಕೂತು, ನೇಕಾರರು ಕಂಡಿಕೆಗೆ ನೂಲು ಸುತ್ತುವ ಹಾಗೆ, ಟ್ರಾನ್ಸ್‌ಫಾರ್ಮರಿಗೆ ತಾಮ್ರದ ತಂತಿ ಸುತ್ತುತ್ತಾರೆ. ಎಂಟುನೂರು ಸುತ್ತಿನಲ್ಲಿ ಒಂದೂ ತಪ್ಪುವುದಿಲ್ಲ.

ಗಡಿಯಾರದ ವಿಷಯವನ್ನು ನಾಗಲಕ್ಷ್ಮಮ್ಮ ಕಾಫಿ ಕೊಡುವಾಗ ತಾವಾಗಿಯೇ ಹೇಳುತ್ತಾರೆ. ಎರಡು ತಿಂಗಳಿಂದ ಬಲಗಡೆ ಅನುಮಾನ. ಒಂದಿನ ಟಿಕ್ ಟಿಕ್ ಕೇಳುತ್ತದೆ, ಒಂದಿನ ಕೇಳಿದ ಹಾಗೆ ಅನ್ನಿಸುತ್ತದೆ. ಕಿವಿಗೆ ಎಣ್ಣೆ ಬಿಟ್ಟು ನೋಡಿದ್ದಾರೆ. ಗಂಡನಿಗೂ ಹೇಳಿಲ್ಲ. “ಏಳುವಾಗ್ಲೇ ಎದೆ ಹೊಡ್ಕೊಳ್ಳುತ್ತೆ ಕಣಮ್ಮ. ಇಡೀ ಮನೇಲಿ ಇರೋದೇ ಎರಡು ಕಿವಿ. ಅವೂ ಹೋದ್ರೆ ಯಾರು ಬಾಕ್ಸು ತರ್ತಾರೆ?”

ಐದೂಕಾಲಿಗೆ ಸೀರೆ ವ್ಯಾಪಾರದ ರವಿಶಂಕರ್ ಬರುತ್ತಾರೆ. ಇದೇ ಊರಿನ ನೇಕಾರರ ಮನೆಯವರು, ಮಗ್ಗಗಳ ನಡುವೆಯೇ ಬೆಳೆದವರು. ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುತ್ತಿದ್ದವರೊಬ್ಬರಿಂದ ವಿದೇಶಿ ಸ್ಪೀಕರ್ ಜೋಡಿ ಕೊಂಡಿದ್ದಾರೆ. ಒಂದೊಂದು ಬಾಕ್ಸೂ ಸೊಂಟದೆತ್ತರ. ಹತ್ತು ದಿನದ ಹಿಂದೆ ಅವಕ್ಕೆಂದು ಹೊಸ ಆಂಪ್ಲಿಫೈಯರನ್ನೂ ತಂದಿದ್ದರು. ನಾಗಲಕ್ಷ್ಮಮ್ಮ ಮೀಟರ್ ಇಟ್ಟು ನೋಡಿ ಅದನ್ನು ಬೇಡವೆಂದಿದ್ದರು. ಬಾಕ್ಸು ನಾಲ್ಕು ಓಮಿನದು, ಆಂಪ್ಲಿಫೈಯರಿನ ಬೆನ್ನ ಮೇಲೆ ಎಂಟು ಓಮೆಂದು ಬರೆದಿತ್ತು. ಓಮ್ ಎಂದರೇನೆಂದು ಕೇಳಲು ಅವತ್ತೂ ಇಲ್ಲೇ ಇದ್ದ ನನಗೆ ನಾಚಿಕೆಯಾಗಿತ್ತು. ರವಿಶಂಕರ್ ಕೇಳಿದ್ದು ಒಳ್ಳೆಯದಾಯಿತು. ಓಮ್ ಕಮ್ಮಿಯಾದಷ್ಟೂ ಬಾಕ್ಸು ಹೆಚ್ಚು ಕರೆಂಟ್ ಎಳೆಯುತ್ತದೆ ಎಂದು ಇವರು ಹೇಳಿದರು. “ಸಣ್ಣ ಮೋಟರಿಗೆ ಅಗಲದ ಮಗ್ಗ ಕಟ್ಟಿದ್ರೆ ಏನಪ್ಪಾ ಆಗುತ್ತೆ?” ಎಂದು ಕೇಳಿದರು. ಮೋಟರ್ ಸುಡುತ್ತದೆ ಎಂಬುದನ್ನು ಈ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಹೀಗೆ ನಾಲ್ಕು ಓಮಿಗೆಂದೇ ದಪ್ಪ ತಂತಿ ಸುತ್ತಿ, ಬಿಸಿ ಆರಲು ದೊಡ್ಡ ಅಲ್ಯುಮಿನಿಯಂ ರೆಕ್ಕೆ ಹಾಕಿ ಕಟ್ಟಿದ ಆಂಪ್ಲಿಫೈಯರನ್ನು ಇವತ್ತು ಕೊಡಬೇಕು. ಕೊಡುವ ಮೊದಲು ಕೇಳಬೇಕು.

ಎರಡು ಬಾಕ್ಸುಗಳನ್ನು ಎದುರುಬದುರು ಇಟ್ಟು, ನಡುವೆ ಮಣೆ ಹಾಕಿ, ಒಂದೊಂದು ಕಿವಿಗೆ ಒಂದೊಂದು ಬಾಕ್ಸು ಬರುವಂತೆ ನಾಗಲಕ್ಷ್ಮಮ್ಮ ಕೂರುತ್ತಾರೆ. ಹಾಡು ಹಾಕುವುದಿಲ್ಲ. ಆಂಪ್ಲಿಫೈಯರ್ ಹಚ್ಚಿ ಸುಮ್ಮನೆ ಬಿಟ್ಟರೆ ಟ್ವೀಟರಿನಿಂದ ಸುಯ್ ಎಂಬ ಸಣ್ಣ ಉಸಿರು ಬರುತ್ತದೆ, ಗೇಣುದೂರದಾಚೆ ಅದು ಕೇಳುವುದಿಲ್ಲ. ಆ ಉಸಿರಿದ್ದರೆ ಟ್ವೀಟರಿಗೆ ಜೀವ ಇದೆ. ಈ ಬೀದಿಯಲ್ಲಿ ಅದನ್ನು ಕೇಳಬಲ್ಲವರು ಇವರೊಬ್ಬರೇ.

ಸ್ವಿಚ್ ಒತ್ತುತ್ತಾರೆ. ಎಡಗಡೆಯ ಬಾಕ್ಸಿಗೆ ತಲೆಯಾಡಿಸುತ್ತಾರೆ. ಬಲಗಡೆಯದಕ್ಕೆ ಆಡಿಸುವುದಿಲ್ಲ.

ಕಣ್ಣು ಮುಚ್ಚಿ ಮತ್ತೆ ಕೇಳುತ್ತಾರೆ. ಬಲಗಡೆಯ ಟ್ವೀಟರ್ ಸುಟ್ಟಿದ್ದರೆ ಅಂಥದು ಬೆಂಗಳೂರಿನಲ್ಲೂ ಸಿಗಲಿಕ್ಕಿಲ್ಲ. ಎದ್ದು ಆಂಪ್ಲಿಫೈಯರಿನ ಹಿಂದಿನ ತಂತಿಗಳನ್ನು ಅದಲುಬದಲು ಮಾಡುತ್ತಾರೆ. ತಪ್ಪು ಆಂಪ್ಲಿಫೈಯರಿನದಾದರೆ ಮೌನ ಈಗ ಎಡಕ್ಕೆ ಹೋಗಬೇಕು. ಹೋಗುವುದಿಲ್ಲ. ಹಾಗಾದರೆ ಬಾಕ್ಸೇ. ಸ್ಕ್ರೂಡ್ರೈವರ್ ಹಿಡಿದು ಬಲಗಡೆಯ ಬಾಕ್ಸನ್ನು ಬಿಚ್ಚಲು ಹೊರಟವರು ಮೊದಲ ಸ್ಕ್ರೂವಿನ ಮೇಲೆಯೇ ನಿಲ್ಲುತ್ತಾರೆ. ಏನೋ ಯೋಚಿಸಿ, ಬಾಕ್ಸುಗಳ ಜಾಗ ಬದಲಿಸಲು ಹೇಳುತ್ತಾರೆ. ರವಿಶಂಕರ್, ಕೋದಂಡರಾಮಯ್ಯ ಸೇರಿ ತಳ್ಳುತ್ತಾರೆ. ಬಲಗಡೆ ಇದ್ದದ್ದು ಎಡಕ್ಕೆ, ಎಡಗಡೆಯದು ಬಲಕ್ಕೆ.

ನಾಗಲಕ್ಷ್ಮಮ್ಮ ಕೂರುತ್ತಾರೆ. ಮೌನ ಈಗಲೂ ಬಲಗಡೆಯೇ.

ಗಡಿಯಾರದಲ್ಲಿ ಐದೂ ಮುಕ್ಕಾಲು. ಸೆರಗಿನಲ್ಲಿ ಅಂಗೈ ಒರೆಸಿಕೊಳ್ಳುತ್ತಾರೆ. ಆಮೇಲೆ ಯಾವುದನ್ನೂ ಮುಟ್ಟದೆ, ಕೂತಲ್ಲೇ ತಾವು ಹಿಂದುಮುಂದಾಗಿ ತಿರುಗಿ ಕೂರುತ್ತಾರೆ. ಸುಮ್ಮನಿದ್ದ ಬಾಕ್ಸು ಈಗ ಎಡಗಿವಿಗೆ ಉಸಿರಾಡುತ್ತಿದೆ. ಉಸಿರಾಡುತ್ತಿದ್ದದ್ದು ಬಲಗಿವಿಗೆ ಬಂದು ಸುಮ್ಮನಾಗಿದೆ.

ಮೂಲೆಗೆ ಮರಳಿದ್ದ ಕೋದಂಡರಾಮಯ್ಯನವರು ಹೆಂಡತಿ ತಿರುಗಿದ್ದನ್ನು ನೋಡುತ್ತಾರೆ. ತಂತಿ ಸುತ್ತುವ ಕೈ ನಿಲ್ಲುತ್ತದೆ. ತಮ್ಮ ಬಲಗಿವಿಯನ್ನು ಬೆರಳಿನಿಂದ ಮುಟ್ಟಿ ಹುಬ್ಬೆತ್ತುತ್ತಾರೆ. ನಾಗಲಕ್ಷ್ಮಮ್ಮ ಹೌದೆಂದು ಕಣ್ಣು ಮಿಟುಕಿಸುತ್ತಾರೆ, ಅಷ್ಟೇ. ರವಿಶಂಕರ್ ಬಾಕ್ಸನ್ನು ನೋಡುತ್ತಿದ್ದುದರಿಂದ ಅವರಿಗೆ ಇದು ಕಾಣುವುದಿಲ್ಲ.

“ಸರಿ ಇದೆಯಲ್ಲಕ್ಕ? ಆರಾಗ್ತಾ ಬಂತು, ಹಾಡು ಹಾಕಿ.”

ಸರಿ ಇದೆ ಎಂದರೆ ಸುಳ್ಳಾಗುತ್ತಿರಲಿಲ್ಲ. ಬಾಕ್ಸೂ ಚೆನ್ನಾಗಿದೆ, ಆಂಪ್ಲಿಫೈಯರೂ ಚೆನ್ನಾಗಿದೆ. ನಾಗಲಕ್ಷ್ಮಮ್ಮ ಸ್ಕ್ರೂಡ್ರೈವರನ್ನು ನೆಲದ ಮೇಲಿಡುತ್ತಾರೆ.

“ಎಲ್ಲಾ ಸರಿ ಇದೆ. ನನ್ನ ಬಲಗಿವಿ ಕೇಳ್ತಿಲ್ಲ ಕಣಪ್ಪ. ಅದನ್ನ ನಂಬ್ಕೊಂಡು ಚೆನ್ನಾಗಿರೋ ಬಾಕ್ಸು ಬಿಚ್ಚೋಕೆ ಹೋಗಿದ್ದೆ.”

“ನಮ್ಮ ಬೀದೀಲಿ ಒಂದು ಕಿವಿ ಇರೋರೇ ಸಾಹುಕಾರ್ರು ಬಿಡಕ್ಕ” ಎಂದು ರವಿಶಂಕರ್ ನಗುತ್ತಾರೆ. ಜೊತೆಗೆ ಯಾರೂ ನಗುವುದಿಲ್ಲ. ನಗು ನಿಂತ ಮೇಲೆ, ಬಾಕ್ಸುಗಳನ್ನು ಬೆಂಗಳೂರಿನಲ್ಲಿ ಯಾರಿಗಾದರೂ ಇನ್ನೊಮ್ಮೆ ತೋರಿಸಿದರೆ ಒಳ್ಳೆಯದೇನೋ ಎಂದು ಮೆಲ್ಲಗೆ ಕೇಳುತ್ತಾರೆ. ತೋರಿಸಬಹುದು ಎನ್ನುತ್ತಾರೆ ಇವರು. ಹೇಳುತ್ತಲೇ ಎಡಗಿವಿಯನ್ನು ಒಂದು ಬಾಕ್ಸಿಗೆ ಕೊಟ್ಟು, ತಿರುಗಿ ಕೂತು ಅದೇ ಕಿವಿಯನ್ನು ಇನ್ನೊಂದಕ್ಕೆ ಕೊಡುತ್ತಾರೆ. ಆಮೇಲೆ ಹಾಡು. ರವಿಶಂಕರ್ ಗುಂಡಿ ತಿರುಗಿಸುತ್ತಾ ಹೋದಂತೆ ನಡುಮನೆ ತುಂಬುತ್ತದೆ, ದನಿ ಎಲ್ಲೂ ಒಡೆಯುವುದಿಲ್ಲ. ಅವರು ಬಾಕ್ಸುಗಳನ್ನು ಆಟೋಗೆ ಹೇರಿಸುತ್ತಾರೆ. ಸೋಂಪುರದ ಫ್ಯಾಕ್ಟರಿಯಲ್ಲಿರುವ ಗೆಳೆಯನನ್ನೂ ಮುಂದಿನ ವಾರ ಕಳಿಸುತ್ತೇನೆಂದು ಬಂದಾಗ ಹೇಳಿದ್ದವರು, ಹೋಗುವಾಗ ಆ ಮಾತು ಎತ್ತುವುದಿಲ್ಲ.

ಆರು ಗಂಟೆ. ಗೋಡೆ ನಡುಗತೊಡಗುತ್ತದೆ. ಇಷ್ಟು ವರ್ಷದಿಂದ ನಾಗಲಕ್ಷ್ಮಮ್ಮ ಕೆಲಸಕ್ಕೆ ಕೂರುವ ಜಾಗದಲ್ಲಿ ಬಲಗಿವಿಯ ಪಕ್ಕಕ್ಕೇ ಆ ಗೋಡೆ. ಜಾಗ ಬದಲಿಸುತ್ತೀರಾ ಎಂದು ನಾನು ಕೈಯಲ್ಲಿ ಕೇಳುತ್ತೇನೆ. ಅವರು ಬೇಡವೆಂದು ತಲೆಯಾಡಿಸಿ, ನನ್ನ ಕಿವಿಯ ಹತ್ತಿರ ಬಾಗುತ್ತಾರೆ. “ಹೋದ ಕಿವೀನೇ ಮಗ್ಗಕ್ಕೆ ಕೊಡೋಣ.” ಎಡಗಿವಿಗೆ ಹತ್ತಿ ತುರುಕಿಕೊಳ್ಳುತ್ತಾರೆ.

ನನ್ನನ್ನು ಕಳಿಸಲು ಮಗ್ಗದ ಸದ್ದು ತಗ್ಗುವ ಬೀದಿಯ ಕೊನೆಯವರೆಗೂ ಬಂದು, ಎಡಗಿವಿಯ ಹತ್ತಿ ತೆಗೆಯುತ್ತಾರೆ. ಕಿವಿಯ ವಿಷಯ ಬರೆಯುವುದು ಬೇಡವೆಂದರೆ ಬಿಡುತ್ತೇನೆ ಎನ್ನುತ್ತೇನೆ.

“ಬರಿ. ಬಾಕ್ಸು ತರೋರು ತಿಳ್ಕೊಂಡೇ ತರ್ಲಿ. ಎಡಗಿವೀನೂ ಒಂದಿನ ಹೋಗುತ್ತೆ, ನಮ್ಮನೆಯವರದ್ದು ಹೋದ ಹಾಗೇ. ಹೋದ ದಿನ ಅದು ಗಿರಾಕಿಗಿಂತ ಮೊದಲು ನನಗೆ ಗೊತ್ತಾಗ್ಬೇಕು. ಅಲ್ಲೀವರೆಗೂ ಕೇಳಿದ್ರೆ ಸಾಕು.”