‘ತಪ್ಪಾತು’ ಎಂದಾಗ ನಾನೆಲ್ಲಿದ್ದೆ

ಇಳಕಲ್‌ನಲ್ಲಿ ನಮ್ಮ ಮನೆಯ ಹಿಂದಿನ ಸಾಲಿನಲ್ಲಿ ನಿವೃತ್ತ ನರ್ಸ್‌ಬಾಯಿ ಒಬ್ಬರಿದ್ದಾರೆ. ಸಣ್ಣಾಕಿದ್ದಾಗ ನನಗೆ ಸೂಜಿ ಚುಚ್ಚಿದವರು. ದೊಡ್ಡವಳಾದ ಮೇಲೆ ನಾನು ಅವರ ದೇವರಿಗೆ ಚುಚ್ಚುತ್ತ ಬಂದೆ. ನಾನು ಚರ್ಚೆಯವಳು, ಅವರು ಚರ್ಚಿನವರು. ದಿನಾ ಲಿಂಗಪೂಜೆ ಮಾಡುವ ನಮ್ಮಜ್ಜನನ್ನೂ ನಾನು ಬಿಟ್ಟವಳಲ್ಲ. ಆದರೆ ಅಜ್ಜ ಬೇಗ ಸಿಟ್ಟಿಗೇಳುತ್ತಾನೆ, ನರ್ಸ್‌ಬಾಯಿ ಏಳುವುದಿಲ್ಲ.

ಅವತ್ತಿನ ನನ್ನ ವಾದ ಇಷ್ಟು: ಪಶ್ಚಾತ್ತಾಪಪಟ್ಟವನನ್ನು ದೇವರು ಕ್ಷಮಿಸಿಬಿಟ್ಟರೆ ಪೆಟ್ಟು ತಿಂದವನ ಗತಿಯೇನು? ಅವನನ್ನು ಹೊರಗಿಟ್ಟು ರಾಜಿ ಮಾಡಿಕೊಳ್ಳಲು ಇವರಿಬ್ಬರು ಯಾರು? ಬಾಯಿ ಶೇಂಗಾ ಸುಲಿಯುತ್ತ ಕೇಳಿಸಿಕೊಂಡರು. ನೀ ಹೇಳೂದು ಖರೆ, ಅದಕ್ಕೇ ಮೊದಮೊದಲಿನ ಕ್ರೈಸ್ತರು ಅಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲ ಎಂದರು. ದೊಡ್ಡ ತಪ್ಪು ಮಾಡಿದವರು ಬಾಗಿಲಾಚೆ ನಿಂತು, ಒಳಗೆ ಹೋಗುವವರನ್ನೆಲ್ಲ ನಮಗಾಗಿ ಪ್ರಾರ್ಥಿಸಿರಿ ಎಂದು ಬೇಡಬೇಕಿತ್ತಂತೆ. ಅವರನ್ನು ದೂಡಿಬಿಡದೆ, ವೈದ್ಯ ಗಾಯ ನೋಡುವ ಹಾಗೆ ನೋಡಬೇಕೆಂದು ಚರ್ಚಿನ ಹಿರಿಯರಿಗೂ ತಾಕೀತು. ಯಾರ ಜೊತೆಗಾದರೂ ಜಗಳವಿದ್ದರೆ, ಅದು ಮುಗಿಯುವ ತನಕ ಭಾನುವಾರದ ಪ್ರಾರ್ಥನೆಯ ಪವಿತ್ರ ರೊಟ್ಟಿ ಹಂಚಿಕೊಳ್ಳಲು ಬರುವಂತಿಲ್ಲ. ಮೊದಲು ಮಂದಿ ಕಡೆ ತಿರುಗು, ಆಮೇಲೆ ದೇವರ ಕಡೆ.

ಬಾಯಿ ಅಷ್ಟಕ್ಕೆ ಬಿಡಲಿಲ್ಲ. ನಿನಗೆ ಯಾರ ಜೊತೆ ಮಾತಿಲ್ಲ ಎಂದು ಕೇಳಿದರು.

ಇದ್ದಳು. ಬಾದಾಮಿಯವಳು, ಚರ್ಚಾಸ್ಪರ್ಧೆಗಳಲ್ಲಿ ನನ್ನ ಜೋಡಿ. ಬಾಗಲಕೋಟೆಯಲ್ಲಿ ತಂಡದ ಆಯ್ಕೆಗೆಂದು ನಮ್ಮಿಬ್ಬರನ್ನೇ ಎದುರುಬದುರು ನಿಲ್ಲಿಸಿದ್ದರು. ತಮ್ಮೂರ ಗುಹೆಗಳ ಬಗ್ಗೆ ಅವಳು ಏನೋ ಹೇಳಿದಳು. ಪ್ರವಾಸಿಗರಿಗೆ ಕತೆ ಮಾರುವ ಮನೆಯಿಂದ ಇತಿಹಾಸ ಬಂದರೆ ಹೀಗೇ ಇರುತ್ತದೆ ಎಂದೆ. ಸಭೆ ನಕ್ಕಿತು. ಅವಳಪ್ಪ ಗುಹೆಗಳ ಗೈಡು. ಮಗಳ ಮಾತು ಕೇಳಲು ಬಂದು ಕೊನೆಯ ಸಾಲಿನಲ್ಲಿ ಕೂತಿದ್ದರು. ಅವಳು ತಂಡ ಬಿಟ್ಟಳು. ನಾನು ಮೆಸೇಜ್ ಕಳಿಸಿ ಎರಡು ತಿಂಗಳಾಗಿತ್ತು, ಉತ್ತರವಿಲ್ಲ. ಕ್ಷಮೆ ಕೇಳಿಯಾಗಿದೆ, ಈಗ ಗರ್ವ ಅವಳದು ಎಂದು ಫೋನ್ ತೋರಿಸಿದೆ. ಬಾಯಿ ಕನ್ನಡಕ ಏರಿಸಿ ಓದಿದರು: ‘ಬ್ಯಾಸರ ಆಗಿದ್ರ ತಪ್ಪಾತು.’

“ಇದರಾಗ ನೀ ಎಲ್ಲಿ ಅದೀ, ತಂಗಿ?”

ಬಸ್ಸಿನಲ್ಲಿ ಕಾಲು ತುಳಿದರೂ ನಮ್ಮ ಕಡೆ ‘ತಪ್ಪಾತ್ರಿ’ ಅನ್ನುತ್ತೇವೆ. ಹೊತ್ತಾತು, ಮಳಿಯಾತು ಅಂದ ಹಾಗೆ. ತಾನಾಗಿಯೇ ಆದದ್ದು, ಮಾಡಿದವರು ಯಾರೂ ಇಲ್ಲ. ಎದುರಾಳಿಯ ವಾಕ್ಯದಲ್ಲಿ ಕರ್ತೃ ಎಲ್ಲಿ ಎಂದು ಹುಡುಕುವುದು ನಾನು ಕಿರಿಯರಿಗೆ ಕಲಿಸುವ ಮೊದಲ ಪಾಠ. ನನ್ನ ವಾಕ್ಯದಲ್ಲಿ ಕರ್ತೃವೇ ಇಲ್ಲ, ಮೇಲೊಂದು ‘ಆಗಿದ್ರ’ ಬೇರೆ.

ಬಾಯಿಯ ದೇವರನ್ನು ನಾನು ಇವತ್ತಿಗೂ ಒಪ್ಪಿಲ್ಲ. ಆದರೆ ಮುಂದಿನ ಭಾನುವಾರ ಬಾದಾಮಿ ಬಸ್ಸು ಹತ್ತಿದೆ. ಗುಹೆಯ ಮೆಟ್ಟಿಲ ಬುಡದಲ್ಲಿ ಅವಳಪ್ಪ ನಾಲ್ವರು ಪ್ರವಾಸಿಗರ ಜೊತೆ ನಿಂತಿದ್ದರು. ಅವಮಾನ ಮಾಡಿದ್ದು ಸಭೆಯಲ್ಲಿ. ಅವರು ಒಬ್ಬರೇ ಸಿಗಲೆಂದು ಕಾಯುವುದು ಇನ್ನೊಂದು ಜಾಣತನ ಅನ್ನಿಸಿತು. ನಾಲ್ವರ ಮುಂದೆಯೇ ಹೇಳಿದೆ.

“ಅವತ್ತ ನಿಮಗ ಅವಮಾನ ಮಾಡೀನ್ರಿ. ನಾನ ಮಾಡೀನಿ.”

ಅವರು ಪ್ರವಾಸಿಗರ ಮುಖ ನೋಡಿದರು, ನನ್ನ ಮುಖ ನೋಡಿದರು, ಬಾ ಎಂದು ಮೆಟ್ಟಿಲು ಹತ್ತತೊಡಗಿದರು. ನಾಲ್ಕೂ ಗುಹೆ ಮುಗಿಯುವ ತನಕ ಅವರು ಹೇಳಿದ ಕತೆ ಕೇಳುತ್ತ ಹಿಂದೆ ನಡೆದೆ. ಕೆಳಗಿಳಿದ ಮೇಲೆ, ಇದರಲ್ಲಿ ಎರಡು ಕತೆ ನಾನೇ ಕಟ್ಟಿದವು, ಯಾವು ಹೇಳು ಎಂದರು. ನಾನು ಒಂದನ್ನಷ್ಟೇ ಹಿಡಿದಿದ್ದೆ, ಹೇಳಿದೆ. ಅದು ಖರೇದು ಎಂದು ನಕ್ಕರು. ಆಮೇಲೆ ಮನೆಗೆ ಫೋನ್ ಮಾಡಿ ಒಂದು ರೊಟ್ಟಿ ಹೆಚ್ಚಿಗೆ ಬಡಿಯಲು ಹೇಳಿದರು.

ಅವರ ಮನೆಯ ಬಾಗಿಲು ತೆಗೆದವಳು ನಗಲಿಲ್ಲ. ಅಪ್ಪಗೆ ಏನಂದಿ ಎಂದು ಕೇಳಿದಳು. ಅದೇ ಮಾತು ಹೇಳಿದೆ, ಈ ಸಲ ಅವಳಿಗೂ ಸೇರಿಸಿ. ಅವಳು ಹೊಸ್ತಿಲಿನಿಂದ ಕದಲದೆ ನಿಂತಳು. ನಾನೂ ನಿಂತೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತು ಮತ್ತೆ ಶುರುವಾಯಿತು.

“ತಂಡಕ್ಕ ಬರಂಗಿಲ್ಲ ನಾ,” ಎಂದಳು. ಆಮೇಲೆ ಸ್ವಲ್ಪ ಸರಿದಳು. “ಉಂಡ ಹೋಗು.”