ಕೌದಿ ಹೊಲಿಗೆಯ ಚಿತ್ರಪುಸ್ತಕ

೧೯೮೮ರಲ್ಲಿ, ಎಂಟನೆಯ ತರಗತಿಯ ನಡುವೆಯೇ, ನಾನು ಓದು ನಿಲ್ಲಿಸಿದೆ. ಹಳೇ ಬಾಗಲಕೋಟೆಯಲ್ಲಿದ್ದ ನಮ್ಮ ಪುಸ್ತಕ ಕಟ್ಟುವ ಅಂಗಡಿಯಲ್ಲಿ ಅಬ್ಬಾ ನನ್ನನ್ನು ಕೂರಿಸಿದರು. ಅಣೆಕಟ್ಟಿನ ಹಿನ್ನೀರಿಗೆ ಊರು ಮುಳುಗಿತು, ಅಂಗಡಿ ನವನಗರಕ್ಕೆ ಬಂತು, ಕೆಲಸ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ನನ್ನ ಕೈಯಲ್ಲಿ ಹಾದುಹೋದಷ್ಟು ಪುಸ್ತಕ ಈ ಊರಿನ ಯಾವ ಪ್ರೊಫೆಸರರ ಕೈಯಲ್ಲೂ ಹಾದುಹೋಗಿರಲಿಕ್ಕಿಲ್ಲ. ಜಂಬ ಅಂದರೆ ಜಂಬವೇ.

ಹೋದ ವರ್ಷ ಇಲ್ಲಿನ ಪತ್ರಾಗಾರದಿಂದ ಕರೆ ಬಂತು. ಬಾದಾಮಿಯಲ್ಲಿ ಬಾಳಿ ತೀರಿಕೊಂಡ ಚಿತ್ರಗಾರ್ತಿಯೊಬ್ಬರ ಕಾಗದಪತ್ರ ಅಲ್ಲಿಗೆ ಸೇರಿತ್ತು: ಒಂದು ಕಟ್ಟು ಪತ್ರ, ಮನೆಯಲ್ಲೇ ಹೊಲಿದ ಒಂದು ದಿನಚರಿ, ಮತ್ತು ಗುಹೆಯ ಮೂರ್ತಿಗಳನ್ನು ಇದ್ದಿಲಿನಲ್ಲಿ ತೆಗೆದ ಒಂಬತ್ತು ಬಿಡಿ ಹಾಳೆ. ಹಾಳೆಗಳಿಗೆ ಸಹಿ ಇರಲಿಲ್ಲ. ಆಕೆಯ ಗಂಡ ಡ್ರಾಯಿಂಗ್ ಮಾಸ್ತರರು. ಹಾಳೆಗಳು ಅವರ ಫೈಲಿನಲ್ಲಿ ಸಿಕ್ಕಿದ್ದರಿಂದ ಪಟ್ಟಿಯಲ್ಲಿ ಅವರ ಹೆಸರನ್ನೇ ಹಾಕುವುದೆಂದು ಪತ್ರಾಗಾರದ ಮೇಡಂ ತೀರ್ಮಾನಿಸಿದ್ದರು. ಹುನಗುಂದದಲ್ಲಿ ಟೀಚರಾಗಿರುವ ಮಗಳು ಒಪ್ಪಿರಲಿಲ್ಲ.

"ನಮ್ಮವ್ವ ಚಿತ್ರ ತಗಿಯೂದನ್ನ ನಾ ಕಣ್ಣಾರೆ ನೋಡೇನ್ರಿ."

"ನಿಮ್ಮ ಕಣ್ಣು ಪಟ್ಟಿಯೊಳಗ ಬರೂದಿಲ್ಲಲ್ರೀ ಟೀಚರ್," ಅಂದರು ಮೇಡಂ. "ಕಾಗದದಾಗ ಪುರಾವೆ ಬೇಕು. ಶನಿವಾರ ಪಟ್ಟಿ ಮುಗೀತದ."

ನನ್ನ ಪಾಲಿನ ಕೆಲಸ ದಿನಚರಿಯ ರಿಪೇರಿ ಮಾತ್ರ. ಅದರಲ್ಲೇ ತಪ್ಪು ಮಾಡಿದೆ. ಹಳೆಯ ಪುಸ್ತಕ ಕಂಡರೆ ಮೊದಲು ದಾರ ಕತ್ತರಿಸುವುದು ನಮ್ಮ ಕಸುಬಿನವರ ಚಾಳಿ. ಪತ್ರಾಗಾರದಲ್ಲಿ ಮೊದಲು ಪುಟಗಳಿಗೆ ನಂಬರು, ಆಮೇಲೆ ಕತ್ತರಿ. ನಾನು ಕತ್ತರಿಸಿಯೇಬಿಟ್ಟೆ. ಫ್ಯಾನಿನ ಗಾಳಿಗೆ ದಿನಚರಿಯ ಎಲೆಗಳು ಹಾರಿ, ಮೇಜಿನ ಮೇಲಿದ್ದ ಚಿತ್ರಗಳ ಜೊತೆ ಕಲೆತು ನೆಲಕ್ಕೆ ಬಿದ್ದವು.

"ಚಾಚಾ! ಮೂವತ್ತು ವರ್ಷದ ಕೈ ಅಂದಿದ್ರಲ್ಲ?"

"ಕೈ ಮೂವತ್ತು ವರ್ಷದ್ದ ಐತ್ರಿ ಮೇಡಂ. ಗಡಿಬಿಡಿ ಮಾತ್ರ ಇನ್ನೂ ಹದಿನಾರರದ್ದು."

ಅವರು ನಗಲಿಲ್ಲ. ನಾನು ನೆಲಕ್ಕೆ ಕೂತು ಆಯತೊಡಗಿದೆ. ದಿನಚರಿಯ ಎಲೆಗಳ ಅಂಚಿನಲ್ಲಿ ಒತ್ತೊತ್ತಾಗಿ ಸಣ್ಣ ತೂತುಗಳಿದ್ದವು. ನಾವಾದರೆ ಹಾಳೆ ಮಡಿಚಿದ ಜಾಗದಲ್ಲಿ ಐದೇ ತೂತು ಹಾಕುತ್ತೇವೆ. ಇದು ಹೆಂಗಸರು ಹಳೆ ಸೀರೆ ಜೋಡಿಸಿ ಕೌದಿ ಹೊಲಿಯುವ ಹೊಲಿಗೆ. ಅಮ್ಮಿ ಹೊಲಿದ ಕೌದಿ ಹೊದ್ದು ಬೆಳೆದವನು ನಾನು. ಎಲ್ಲ ಎಲೆ ಒಟ್ಟಿಗೆ ಇಟ್ಟು ಸೂಜಿ ಇಳಿಸಿದ್ದರಿಂದ ಎಲ್ಲದರ ಮೇಲೂ ಒಂದೇ ಸಾಲು. ಕೆಳತುದಿಯ ಹತ್ತಿರ ಒಂದು ತೂತು ಜೋಳದ ಕಾಳಿನಷ್ಟು ಒಳಗೆ ಸರಿದಿತ್ತು.

ಆಮೇಲೆ ಕೈಗೆ ಬಂದದ್ದು ಒಂದು ಚಿತ್ರ. ಅದರ ಅಂಚಿನಲ್ಲೂ ಅದೇ ಸಾಲು, ಕೆಳಗೆ ಅದೇ ಸರಿದ ತೂತು! ಒಂಬತ್ತನ್ನೂ ಬೆಳಕಿಗೆ ಹಿಡಿದೆ. ಒಂಬತ್ತೂ ಅದೇ ಪುಸ್ತಕದಿಂದ ಕಿತ್ತವು.

ಮೇಡಂ ಭೂತಗನ್ನಡಿ ಇಟ್ಟು ನೋಡಿದರು. "ಪುಸ್ತಕ ಆಕಿ ಹೊಲದಿದ್ದು ಖರೆ. ಅದರಾಗ ಗಂಡ ಚಿತ್ರ ತಗದಿರಬಾರದ್ಯಾಕ?"

ಕೇಳಿದ್ದು ನ್ಯಾಯವೇ. ಶನಿವಾರಕ್ಕೆ ಎರಡು ದಿನವಿತ್ತು. ಅಂಗಡಿಗೆ ಬೀಗ ಹಾಕಿ ಅಲ್ಲೇ ಕೂತೆ. ಇದ್ದಿಲು ಎದುರಿನ ಪುಟಕ್ಕೆ ಮಸಿ ಹತ್ತಿಸುತ್ತದೆ. ಯಾವ ಎಲೆಯ ಮಸಿ ಯಾವ ಚಿತ್ರಕ್ಕೆ ಹೊಂದುತ್ತದೆಂದು ಒಂದೊಂದೇ ಜೋಡಿಸಿದೆ. ಎರಡನೆಯ ದಿನ ಮಧ್ಯಾಹ್ನ ಒಂದು ಜೋಡಿ ಕೂಡಿತು. ಬಲಕ್ಕೆ ಒಂದೇ ಹಾಳೆಯಲ್ಲಿ ದ್ವಾರಪಾಲಕನ ಕೈ ಮೂರು ಸಲ. ಎಡಕ್ಕೆ, ಆ ಮಸಿಯ ಮೇಲೆಯೇ, ಆಕೆಯ ಅಕ್ಷರ: "ಈ ಕೈ ಮೂರು ಸಲ ತಗದೆ. ಬೆರಳು ಇನ್ನೂ ದಪ್ಪ ಬರಾಕತ್ತಾವ. ಅವರಿಗೆ ತೋರಿಸಂಗಿಲ್ಲ, ನಗ್ತಾರ."

ಮೇಡಂ ಎರಡು ಸಲ ಓದಿದರು. ಪಟ್ಟಿ ತೆಗೆದು, ಒಂಬತ್ತು ಕಡೆ ಗಂಡನ ಹೆಸರು ಹೊಡೆದು ಹೆಂಡತಿಯ ಹೆಸರು ಬರೆದರು.

ಶನಿವಾರ ಬಂದ ಮಗಳು ಪಟ್ಟಿಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಇಳಿದಳು. "ಪಾಸಾದಿ ನೋಡಬೇ ಅವ್ವಾ," ಅಂದಳು. ಫ್ಯಾನಿನ ಕತೆ ಕೇಳಿ ನನ್ನ ಕಡೆ ತಿರುಗಿ, "ಫ್ಯಾನಿಗೂ ಒಂದು ಹಾರ ಹಾಕೂಣ್ರಿ ಚಾಚಾ!" ಈ ಸಲ ಮೇಡಂ ನಕ್ಕರು.

ಚಿತ್ರಗಾರ್ತಿಯ ತವರಾದ ಇಳಕಲ್ಲಿಗೆ ಹೋಗಿ ಮಗ್ಗದ ರೇಷ್ಮೆ ದಾರ ತಂದೆ. ಅದೇ ತೂತುಗಳಲ್ಲಿ, ಅದೇ ಕೌದಿ ಹೊಲಿಗೆಯಲ್ಲಿ, ಚಿತ್ರಗಳನ್ನೂ ಸೇರಿಸಿ ಪುಸ್ತಕ ಹೊಲಿದುಕೊಟ್ಟೆ.

ಈಗ ನನಗಿರುವುದು ಒಂದು ಅಂಗಡಿ, ಎರಡು ಪ್ರೆಸ್ಸು, ಒಂದು ಕಟಿಂಗ್ ಮಷಿನ್ನು, ಪತ್ರಾಗಾರದ ಬಾಗಿಲು ದಾಟಲು ನನ್ನ ಫೋಟೊ ಅಂಟಿಸಿದ ಒಂದು ಕಾರ್ಡು, ಮತ್ತು ಅಲ್ಲಿ ವಾರಕ್ಕೆ ಎರಡು ದಿನದ ಕೆಲಸ.