ಎಡಕ್ಕೆ ಹೋದ ಅಪೆಂಡಿಕ್ಸ್

ಶಸ್ತ್ರಚಿಕಿತ್ಸೆಯಲ್ಲಿ ಎಡ ಬಲ ತಪ್ಪುವುದಕ್ಕಿಂತ ದೊಡ್ಡ ಅಪರಾಧವಿಲ್ಲ. ಕೆಲಸದಲ್ಲಿದ್ದಷ್ಟು ಕಾಲವೂ ನಾನು ರೋಗಿ ಎಚ್ಚರವಿರುವಾಗಲೇ ಹಾಸಿಗೆಯ ಬಳಿ ಹೋಗಿ, ಕೊಯ್ಯಬೇಕಾದ ಕಡೆ ನನ್ನ ಕೈಯಿಂದಲೇ ಗುರುತು ಹಾಕಿ ಬರುತ್ತಿದ್ದೆ. ಕಿರಿಯ ವೈದ್ಯರು ನಗುತ್ತಿದ್ದರು. ನಗಲಿ. ಹೀಗೆ ಬದುಕಿದವನು ನಿವೃತ್ತಿಯ ಮೇಲೆ ಒಂದು ಕಾಮಿಕ್ ಪುಸ್ತಕಕ್ಕಾಗಿ ಎಡ ಬಲದ ಜಗಳವಾಡಬೇಕಾಯಿತು. ಅದು ಇಂದಿಗೂ ನನಗೆ ಅರಗಿಲ್ಲ.

ತೊಂಬತ್ತರ ದಶಕದಲ್ಲಿ, ಲಂಡನ್ನಿನ ಅಂಚಿನ ಹ್ಯಾರೋದಲ್ಲಿದ್ದ ನಮ್ಮ ಮನೆಗೆ ಅಂಟಿಕೊಂಡ ಪಕ್ಕದ ಮನೆಗೆ ಜಪಾನಿನ ದಂಪತಿ ಬಾಡಿಗೆಗೆ ಬಂದರು. ಗಂಡನಿಗೆ ಲಂಡನ್ ಕಚೇರಿಗೆ ವರ್ಗವಾಗಿತ್ತು. ಹೆಂಡತಿ ಕಾಮಿಕ್ ಕಲಾವಿದೆ. ಆಕೆ ಬಾಗಿಲು ತಟ್ಟಿ ಮೊದಲು ಕೇಳಿದ್ದೇ ಇದು: “ಡಾಕ್ಟರ್, ಅಪೆಂಡಿಕ್ಸ್ ತೆಗೆಯುವಾಗ ನಿಮ್ಮ ಎಡಗೈ ಏನು ಮಾಡುತ್ತಿರುತ್ತದೆ?”

ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ಊಟದ ಮೇಜಿನ ಮೇಲೆ ದಿಂಬು ಮಲಗಿಸಿ, ಚಮಚ ಹಿಡಿದು ತೋರಿಸಿದೆ. ನನ್ನಾಕೆ ಅಡುಗೆಮನೆಯಿಂದ ಇಣುಕಿ, “ದಿಂಬು ಸಾಕೇನ್ರೀ, ನಾನೂ ಮಲಕ್ಕೋಬೇಕಾ? ರಿಟೈರಾದ್ಮೇಲೂ ಕೈ ತುರಿಸ್ತಿದೆ ನಿಮಗೆ” ಎಂದಳು.

ಕಲಾವಿದೆಯ ಕೆಲಸದ ಶಿಸ್ತು ನನಗೆ ಹಿಡಿಸಿತು. ಬೆಳಿಗ್ಗೆ ಮೇಜು ಒರೆಸಿ ಕುಳಿತರೆ ಮೊದಲು ಪೆನ್ಸಿಲ್, ಆಮೇಲೆ ಮಸಿಯಲ್ಲಿ ಅದ್ದುವ ನಿಬ್ಬು, ಕೊನೆಗೆ ಸಣ್ಣ ಚುಕ್ಕೆಗಳ ಅಂಟುಹಾಳೆಯನ್ನು ಬ್ಲೇಡಿನಿಂದ ಕತ್ತರಿಸಿ ನೆರಳಿನ ಜಾಗಕ್ಕೆ ಕೂರಿಸುವುದು. ಹಾಳೆಗೆ ಗೀರು ಬೀಳದಂತೆ ಬ್ಲೇಡ್ ಆಡಿಸುವ ಆ ಕೈ ನನ್ನ ಆಪರೇಷನ್ ಥಿಯೇಟರಿನಲ್ಲಿದ್ದಿದ್ದರೆ ಎಂದುಕೊಳ್ಳುತ್ತಿದ್ದೆ.

ಹತ್ತೊಂಬತ್ತನೇ ವಯಸ್ಸಿಗೆ ಊರು ಬಿಟ್ಟು ಟೋಕಿಯೊದಲ್ಲಿ ಒಬ್ಬ ಹಿರಿಯ ಕಲಾವಿದನ ಬಳಿ ಸೇರಿದ್ದಳಂತೆ. ಮನುಷ್ಯರನ್ನು ಬಿಡಿಸುವುದು ಆತ, ಕಿಟಕಿ, ಹೆಂಚು, ಪೊದೆ ಬಿಡಿಸುವುದು ಈಕೆ. ವರ್ಷಗಟ್ಟಲೆ ಪೊದೆ. ಕೊನೆಗೆ ಒಂದು ವಾರಪತ್ರಿಕೆಯಲ್ಲಿ ಸ್ವಂತ ಧಾರಾವಾಹಿ ಸಿಕ್ಕಿತು. ದ್ವೀಪದ ಪುಟ್ಟ ಆಸ್ಪತ್ರೆಗೆ ಬಂದ ಹೊಸ ಸರ್ಜನ್ ಹುಡುಗಿಯೊಬ್ಬಳ ಕಥೆ. ಅಲ್ಲಿ ಓದುಗರು ಕಾರ್ಡು ಬರೆದು ಮೆಚ್ಚಿದ ಕಥೆ ಮುಂದುವರಿಯುತ್ತದೆ, ಕಾರ್ಡು ಕಡಿಮೆಯಾದದ್ದು ನಿಲ್ಲುತ್ತದೆ. ಇವಳದು ಅರ್ಧಕ್ಕೆ ನಿಂತಿತು. ಉಳಿದರ್ಧವನ್ನು ಹ್ಯಾರೋದಲ್ಲಿ ಕುಳಿತು, ಯಾರೂ ಕೇಳದಿದ್ದರೂ, ಮುಗಿಸುತ್ತಿದ್ದಳು. ಪೂರ್ತಿ ಕಥೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವಾಗಬೇಕು, ಅದೊಂದೇ ಆಸೆ.

ಲಂಡನ್ನಿನ ಪ್ರಕಾಶಕರೊಬ್ಬರು ಒಪ್ಪಿ, ಮೊದಲ ಅಧ್ಯಾಯವನ್ನು ಮಾದರಿಗೆ ಅಚ್ಚು ಹಾಕಿ ಕಳಿಸಿದರು. ಜಪಾನಿನ ಪುಸ್ತಕ ನಮಗೆ ಹಿಂಬದಿಯಾದ ಕಡೆಯಿಂದ ತೆರೆಯುತ್ತದೆ, ಚಿತ್ರಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇಲ್ಲಿಯವರಿಗೆ ಸುಲಭವಾಗಲೆಂದು ಇವರು ಪ್ರತಿ ಪುಟವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ್ದರು.

“ಅಯ್ಯೋ, ಎಲ್ಲರೂ ಎಡಗೈಲಿ ಊಟ ಮಾಡ್ತಿದಾರಲ್ರೀ!” ಎಂದಳು ನನ್ನಾಕೆ.

ನಾನು ನೋಡಿದ್ದು ಬೇರೆ. ಸರ್ಜನ್ ಹುಡುಗಿ ರೋಗಿಯ ಹೊಟ್ಟೆಯ ಎಡಭಾಗವನ್ನು ಕೊಯ್ದು, ಬಲಕ್ಕಿರಬೇಕಾದ ಅಪೆಂಡಿಕ್ಸ್ ತೆಗೆಯುತ್ತಿದ್ದಳು. ಕಲಾವಿದೆ ತೋರಿಸಿದ್ದು ಇನ್ನೊಂದು. ಜಪಾನಿ ನಿಲುವಂಗಿ ಕಿಮೋನೊದ ಎಡ ಅಂಚು ಬಲದ ಮೇಲೆ ಬರಬೇಕು, ತಿರುಗುಮುರುಗಾಗಿ ಉಡಿಸುವುದು ಹೆಣಕ್ಕೆ. “ನಾಯಕಿಯ ತಾಯಿ ಕಾಫಿ ಕೊಡುತ್ತಿದ್ದಾಳೆ, ಆದರೆ ಸತ್ತಿದ್ದಾಳೆ” ಎಂದಳು. ನಗಲಿಲ್ಲ.

ಮೆಟ್ರೊಪಾಲಿಟನ್ ಲೈನಿನ ರೈಲು ಹಿಡಿದು ನಾನೂ ಕಲಾವಿದೆಯೂ ಪ್ರಕಾಶಕರಲ್ಲಿಗೆ ಹೋದೆವು. ಸಂಪಾದಕ ವಿನಯವಂತ ಯುವಕ, ನಮಗೆ ಬಿಸ್ಕತ್ತನ್ನೂ ಕೊಟ್ಟ.

“ಡಾಕ್ಟರ್, ಕಾಮಿಕ್ ಓದುವವರು ಅಪೆಂಡಿಕ್ಸ್ ಯಾವ ಕಡೆ ಇದೆಯೆಂದು ನೋಡುತ್ತಾರೆಯೇ?”

“ಹೊಟ್ಟೆ ನೋವು ಬಂದವರು ನೋಡುತ್ತಾರೆ.”

“ಬೇಕಿದ್ದರೆ ಆ ಒಂದು ಪುಟ ತಿರುಗಿಸದೆ ಬಿಡೋಣ.”

“ಮುಂದಿನ ಪುಟದಲ್ಲಿ ಹೊಲಿಗೆ ಎಡಕ್ಕೆ ಹಾರುತ್ತದಲ್ಲ!”

“ಬಲದಿಂದ ಎಡಕ್ಕೆ ಅಚ್ಚು ಹಾಕಿದರೆ ಜನ ಕೊನೆಯಿಂದ ಓದಿ, ಅರ್ಥವಾಗಲಿಲ್ಲವೆಂದು ಅಂಗಡಿಗೆ ವಾಪಸು ತರುತ್ತಾರೆ. ಇಂಗ್ಲಿಷ್ ಓದುಗರು ಅದಕ್ಕೆ ಎಂದೂ ಒಗ್ಗುವುದಿಲ್ಲ.”

‘ಎಂದೂ’ ಎಂದ. ಆ ಪದ ಕಿವಿಯಲ್ಲಿ ಕುಳಿತಿದೆ.

ಆಗ ಕಲಾವಿದೆ, “ಚಿತ್ರಗಳನ್ನು ತಿರುಗಿಸಬೇಡಿ. ನಾನೇ ಒಂದೊಂದಾಗಿ ಕತ್ತರಿಸಿ, ಎಡದಿಂದ ಬಲಕ್ಕೆ ಜೋಡಿಸಿ ಕೊಡುತ್ತೇನೆ” ಎಂದಳು. ಆತ ಕೂಡಲೇ ಒಪ್ಪಿದ. ಅವನಿಗೇನು ನಷ್ಟ?

ದಾರಿಯುದ್ದಕ್ಕೂ ಬೇಡವೆಂದೆ. ಮೂಲ ಹಾಳೆಗೆ ಬ್ಲೇಡ್ ಹಾಕುವ ಮೊದಲು ಪ್ರತಿಯನ್ನಾದರೂ ತೆಗೆಸಿ ಎಂದು ಲೈಬ್ರರಿಗೆ ಎಳೆದುಕೊಂಡು ಹೋದೆ. ಜೆರಾಕ್ಸಿನಲ್ಲಿ ಆ ಸಣ್ಣ ಚುಕ್ಕೆಗಳೆಲ್ಲ ಕಲೆತು ಮಸಿ ಬಳಿದಂತಾದವು. ಆಕೆ ಅದನ್ನು ಅಲ್ಲಿಯೇ ಕಸದ ಬುಟ್ಟಿಗೆ ಹಾಕಿದಳು. ಚಳಿಗಾಲವೆಲ್ಲ ಕತ್ತರಿಸಿದಳು. ಜಾಗ ಹೊಂದಿಸಲು ಒಂದು ಚಿತ್ರದ ಅಂಚು ಸವರಿ ಬಿಸಾಡಿದಳು, ಇನ್ನೊಂದಕ್ಕೆ ಗೋಡೆ ಬಿಡಿಸಿ ಬೆಳೆಸಿದಳು. ಎಲ್ಲವೂ ಸರಿಯಾಗಿ ಕೂತಿತು, ಅಪೆಂಡಿಕ್ಸ್ ಬಲಕ್ಕೇ ಉಳಿಯಿತು. ಒಪ್ಪಿಸುವ ಹೊತ್ತಿಗೆ ಪ್ರಕಾಶಕರು ಕಾಮಿಕ್ ವಿಭಾಗವನ್ನೇ ಮುಚ್ಚಿದ್ದರು. ಮರುವರ್ಷ ಗಂಡನಿಗೆ ವಾಪಸು ವರ್ಗವಾಯಿತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಮ್ಮ ಪೇಟೆಬೀದಿಯ ಪುಸ್ತಕದಂಗಡಿಯಲ್ಲಿ ಒಂದಿಡೀ ಗೋಡೆಯ ತುಂಬ ಜಪಾನಿ ಕಾಮಿಕ್ ಕಂಡೆ. ಎಲ್ಲವೂ ಇಂಗ್ಲಿಷಿನಲ್ಲಿ, ಎಲ್ಲವೂ ಬಲದಿಂದ ಎಡಕ್ಕೆ. ಶಾಲೆಯ ಮಕ್ಕಳು ನೆಲದ ಮೇಲೆ ಕುಳಿತು ಸರಾಗವಾಗಿ ಓದುತ್ತಿದ್ದರು. ಮನೆಗೆ ಬಂದವನೇ ಜಪಾನಿನಲ್ಲಿದ್ದ ಕಲಾವಿದೆಗೆ ಫೋನ್ ಮಾಡಿದೆ.

“ಈಗ ಇದ್ದ ಹಾಗೆಯೇ ಹಾಕುತ್ತಾರೆ! ಹಾಳೆ ಕಳಿಸಿ, ನಾನೇ ಓಡಾಡುತ್ತೇನೆ.”

“ಇದ್ದ ಹಾಗೆ ಎಲ್ಲಿದೆ, ಡಾಕ್ಟರ್? ಕತ್ತರಿಸಿಬಿಟ್ಟೆನಲ್ಲ.”

“ಮತ್ತೆ ಜೋಡಿಸಿ.”

“ಪತ್ರಿಕೆಯಲ್ಲಿ ಬಂದದ್ದೂ ಅರ್ಧ ಕಥೆಯೇ. ಸವರಿದ ಅಂಚುಗಳನ್ನು ಎಲ್ಲಿಂದ ತರಲಿ?” ಎಂದಳು. “ನೀವು ಇನ್ನೂ ಕೋಪದಲ್ಲಿದ್ದೀರಿ. ನನ್ನದು ಮುಗಿಯಿತು. ಈಗ ಹೊಸ ಕಥೆ ಬರೆಯುತ್ತಿದ್ದೇನೆ. ಅದರಲ್ಲಿ ಡಾಕ್ಟರುಗಳಿಲ್ಲ.”

ನನ್ನದು ಮುಗಿದಿರಲಿಲ್ಲ. ಮತ್ತೆ ಆ ಅಂಗಡಿಗೆ ಹೋಗಿ, ಗಲ್ಲಾದಲ್ಲಿದ್ದ ಹುಡುಗಿಗೆ, ಹಿಂದೆ ಇಂಥ ಪುಸ್ತಕಗಳನ್ನು ತಿರುಗಿಸಿ ಅಚ್ಚು ಹಾಕುತ್ತಿದ್ದುದು ಗೊತ್ತೇ ಎಂದು ಕೇಳಿದೆ.

“ತಿರುಗಿಸುವುದೇ? ಯಾಕೆ ಸರ್?” ಎಂದಳು ಆಕೆ. “ಇವು ಮೊದಲಿನಿಂದಲೂ ಹೀಗೇ ಇದ್ದವಲ್ಲ?”

ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ಪಕ್ಕಕ್ಕೆ ಸರಿದು ನಿಂತೆ.